ಮಳೆಮಾಪಕಕ್ಕೆ ರೇಡಿಯೊ ದಾರಿಯೂ ಇರಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಮಳೆಮಾಪಕಗಳ ಅಂಕಿ ಅಂಶಗಳು ಬೇಕಾದ ಹೊತ್ತಿಗೇ ಸಿಗುವುದಿಲ್ಲವೆಂದೂ, ಆದ್ದರಿಂದ ಪ್ರತಿಯೊಂದು ಮಳೆಮಾಪಕವನ್ನೂ ಉಪಗ್ರಹಕ್ಕೆ ಜೋಡಿಸಬೇಕೆಂದೂ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕಳವಳ ನನ್ನದೂ ಹೌದು. ಆದರೆ ಅವರು ಸೂಚಿಸಿದ ಪರಿಹಾರ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಜಲಾಶಯಗಳ ಮೇಲ್ಭಾಗದ ಕಾಡುಗಳಲ್ಲಿ ಮಳೆ ಮತ್ತು ನೀರಿನ ಮಟ್ಟ ಅಳೆಯುವ ಉಪಕರಣಗಳ ದುರಸ್ತಿಯಲ್ಲಿ ಮೂವತ್ತು ವರ್ಷ ಕಳೆದು, ಈಗ ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನನಗೆ, ಮೊಬೈಲ್ ಟವರಿಗೂ ಉಪಗ್ರಹಕ್ಕೂ ನಡುವೆ ಇನ್ನೊಂದು ಅಗ್ಗದ ದಾರಿ ಇದೆಯೆಂದು ಹೇಳಬೇಕೆನಿಸಿದೆ. ಅದು ಮಳೆಮಾಪಕದ ಪೆಟ್ಟಿಗೆಯೊಳಗೇ ಕೂತು, ಅಂಕಿಗಳನ್ನು ರೇಡಿಯೊ ಅಲೆಯಲ್ಲಿ ಕಳಿಸುವ ರೇಡಿಯೊ ಮೋಡೆಮ್.

ಮೊದಲಿಗೆ, ನಮ್ಮ ರಾಜ್ಯದಲ್ಲಿ ಆಗಿರುವ ಕೆಲಸವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭಗೊಂಡು, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರಿನಲ್ಲಿ ಯಲಹಂಕದಿಂದ ನಡೆಯುತ್ತಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ನಿಲ್ಲಿಸಿದೆ. ಅವು ಬಿಸಿಲಿನ ಶಕ್ತಿಯಿಂದ ನಡೆದು, ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಕಳಿಸುವಂಥವು. ಬೆಳಿಗ್ಗೆ ಎಂಟೂವರೆಗೆ ಅಳತೆಗಾಜು ಹಿಡಿದು ಮಳೆ ಅಳೆದು, ಪುಸ್ತಕದಲ್ಲಿ ಬರೆದು, ಟಪಾಲಿನಲ್ಲೋ ತಂತಿಯಲ್ಲೋ ಕಳಿಸುತ್ತಿದ್ದ ದಿನಗಳನ್ನು ಕಂಡವನಾದ ನನಗೆ, ಈ ಜಾಲದ ಬೆಲೆ ಏನೆಂದು ಗೊತ್ತು. ಆದ್ದರಿಂದ ಮುಂದಿನ ಮಾತುಗಳನ್ನು ಯಾವ ಸಂಸ್ಥೆಯ ಮೇಲಿನ ದೂರಾಗಿಯೂ ಓದಬಾರದು. ಸಿಮ್ ಒಂದನ್ನೇ ನಂಬಿದ ಯಾವ ಉಪಕರಣಕ್ಕಾದರೂ, ನನ್ನ ಸ್ವಂತ ಉಪಕರಣಕ್ಕೂ, ಇದು ಅನ್ವಯಿಸುತ್ತದೆ.

ಇಂಥ ಮಳೆಮಾಪಕದ ಒಳಗೆ ಇರುವುದು ಬಹಳ ಸರಳ ಸಾಧನ. ಇನ್ನೂರು ಮಿಲಿಮೀಟರ್ ವ್ಯಾಸದ ಬಾಯಿಯುಳ್ಳ ಲಾಳಿಕೆಯಿಂದ ಇಳಿದ ನೀರು ಪುಟ್ಟ ಜೋಡಿ ಬಟ್ಟಲಿನಲ್ಲಿ ಒಂದರೊಳಗೆ ತುಂಬುತ್ತದೆ; ಅರ್ಧ ಮಿಲಿಮೀಟರ್ ಮಳೆಗೆ, ಎಂದರೆ ಸುಮಾರು 15.7 ಮಿಲಿಲೀಟರ್ ನೀರಿಗೆ, ಆ ಬಟ್ಟಲು ಮಗುಚಿಕೊಂಡು ಮತ್ತೊಂದು ಮೇಲೆ ಬರುತ್ತದೆ. ಮಗುಚಿದಾಗಲೆಲ್ಲ ಒಂದು ಅಯಸ್ಕಾಂತ ಸ್ವಿಚ್ಚಿನ ಹತ್ತಿರ ಹಾದು, ಅದನ್ನು ಒಮ್ಮೆ ಮಿಡಿಸಿ ಹೋಗುತ್ತದೆ. ಆ ಮಿಡಿತಗಳನ್ನು ಎಣಿಸಿ, ಗಂಟೆ ನಿಮಿಷದ ಜೊತೆಗೆ ಬರೆದಿಟ್ಟುಕೊಳ್ಳುವುದೇ ಡೇಟಾ ಲಾಗರಿನ ಕೆಲಸ. ಹದಿನೈದು ನಿಮಿಷಕ್ಕೊಂದರಂತೆ ದಿನಕ್ಕೆ 96 ದಾಖಲೆ, ವರ್ಷಕ್ಕೆ 35,040. ಒಂದು ದಾಖಲೆಗೆ ಇಪ್ಪತ್ತು ಬೈಟ್ ಎಂದು ಹಿಡಿದರೂ ಇಡೀ ವರ್ಷದ ಮಳೆ, ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೋದಷ್ಟೂ ಜಾಗ ಹಿಡಿಯುವುದಿಲ್ಲ. ಹಾಗಾಗಿ ಅಳೆಯುವುದೂ ಕಷ್ಟವಲ್ಲ, ನೆನಪಿಟ್ಟುಕೊಳ್ಳುವುದೂ ಕಷ್ಟವಲ್ಲ. ಕಷ್ಟವಿರುವುದೆಲ್ಲ ಆ ಪೆಟ್ಟಿಗೆಯಿಂದ ಪೇಟೆಯವರೆಗಿನ ಹತ್ತಾರು ಕಿಲೋಮೀಟರ್ ದಾರಿಯಲ್ಲಿ.

ಆ ದಾರಿ ಕಡಿಯುವುದು ಹೇಗೆಂಬುದನ್ನು ನನ್ನ ತೋಟದ ಅನುಭವದಿಂದಲೇ ಹೇಳುತ್ತೇನೆ. ಹಳೆಯ ಚಟ ಬಿಡದೆ ನಾನೂ ತೋಟದಂಚಿನಲ್ಲಿ ಒಂದು ಮಳೆಮಾಪಕ, ಲಾಗರ್ ಮತ್ತು ಸಿಮ್ ಹಾಕಿದ ಮೋಡೆಮ್ ಇಟ್ಟುಕೊಂಡಿದ್ದೆ. ಒಂದು ವರ್ಷ ಪುನರ್ವಸು ಮಳೆ ಹಿಡಿದ ಮೂರನೆಯ ದಿನ, ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಟವರಿನ ಬ್ಯಾಟರಿ ಸಂಜೆಯವರೆಗೆ ಬಂತು, ಜನರೇಟರಿಗೆ ಡೀಸೆಲ್ ತರುವ ವಾಹನಕ್ಕೆ ದಾರಿಯಿರಲಿಲ್ಲ. ನಾಲ್ಕು ದಿನ ನನ್ನ ಮಳೆಮಾಪಕದಿಂದ ಸುದ್ದಿಯಿಲ್ಲ. ಐದನೆಯ ದಿನ ಟವರ್ ಎದ್ದರೂ ನನ್ನ ಮೋಡೆಮ್ ಏಳಲಿಲ್ಲ. ಏಕೆಂದರೆ ಸಿಗ್ನಲ್ ಸಿಗದ ಮೋಡೆಮ್ ಸುಮ್ಮನೆ ಕೂರುವುದಿಲ್ಲ. ಕತ್ತಲಲ್ಲಿ ತಡಕಾಡುವವನಂತೆ ಮತ್ತೆ ಮತ್ತೆ ಟವರನ್ನು ಹುಡುಕುತ್ತ, ಪ್ರತಿ ಹುಡುಕಾಟಕ್ಕೂ ಒಂದಿಷ್ಟು ಶಕ್ತಿ ಎಳೆಯುತ್ತ, ಮೋಡ ಮುಸುಕಿದ ದಿನಗಳಲ್ಲಿ ಹೇಗೂ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿತ್ತು. ಕೊನೆಗೆ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತೋಟಕ್ಕಿಳಿದು ತಂತಿ ಜೋಡಿಸಿ ನೋಡಿದರೆ, ಪುಟ್ಟ ಒಳಬ್ಯಾಟರಿಯೊಂದರ ಬಲದಿಂದ ಲಾಗರ್ ತನ್ನ ಕೆಲಸ ತಾನು ಮಾಡಿಕೊಂಡೇ ಇತ್ತು. ಆ ನಾಲ್ಕು ದಿನಗಳ 384 ದಾಖಲೆಗಳೂ ಒಂದೂ ತಪ್ಪದೆ ಅಲ್ಲಿದ್ದವು. ಮಳೆ ಅಳೆಯದೆ ಹೋಗಿರಲಿಲ್ಲ, ಹೇಳಲಾಗದೆ ಉಳಿದಿತ್ತು ಅಷ್ಟೆ.

ಮನೆಯ ಹವ್ಯಾಸಕ್ಕೆ ನಾಲ್ಕು ದಿನದ ಮೌನ ದೊಡ್ಡದಲ್ಲ. ಆದರೆ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿನ ಪರಿಹಾರ ನಿಂತಿರುವುದೇ ಮಳೆಮಾಪಕದ ಅಂಕಿಯ ಮೇಲೆ. ಎಡೆಬಿಡದೆ ಸುರಿಯುವ ಮಳೆಗೇ ಕೊಳೆರೋಗ ಏರುವುದರಿಂದ, ಎಷ್ಟು ದಿನ ಸತತವಾಗಿ ಎಷ್ಟು ಮಳೆ ಬಿತ್ತು ಎಂಬುದೇ ಅಲ್ಲಿ ಮುಖ್ಯ. ಸರಣಿಯ ನಡುವಿನ ನಾಲ್ಕು ದಿನ ಖಾಲಿ ಬಿದ್ದರೆ ಸರಣಿಯೇ ತುಂಡಾಗುತ್ತದೆ. ಅಂಕಿ ಇಲ್ಲದ ಕಡೆ ಹತ್ತಿರದ ಮತ್ತೊಂದು ಕೇಂದ್ರದ ಅಂಕಿ ಹಿಡಿಯುವ ಪದ್ಧತಿ ಬಯಲುಸೀಮೆಗೆ ಒಗ್ಗಬಹುದು, ಘಟ್ಟದ ಅಂಚಿಗಂತೂ ಒಗ್ಗದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾದರೆ, ಅದೇ ತಾಲ್ಲೂಕಿನ ತೀರ್ಥಹಳ್ಳಿ ಪೇಟೆಯಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ನಮ್ಮಲ್ಲಿ ಗುಡ್ಡದ ಈಚೆ ಕಂಬಳಿ ಕೊಪ್ಪೆ ಹೊದ್ದವರು ಗುಡ್ಡ ದಾಟಿದ ಮೇಲೆ ಅದನ್ನು ಮಡಚಿ ಹೆಗಲಿಗೆ ಹಾಕಿಕೊಳ್ಳುವುದುಂಟು.

ಧರೆ ಕುಸಿತದ ಮಾತಂತೂ ಬೇರೆಯೇ. 2018ರ ಆಗಸ್ಟಿನಲ್ಲಿ ಕೊಡಗು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳ 30ರಂದು ವಯನಾಡು. ಹಿಂದಿನ ದಿನಗಳಲ್ಲಿ ಎಷ್ಟು ಮಳೆ ಕುಡಿದು ಮಣ್ಣು ಭಾರವಾಗಿದೆ, ಈ ಗಂಟೆಯಲ್ಲಿ ಎಷ್ಟು ಸುರಿಯುತ್ತಿದೆ ಎಂಬೆರಡೂ ತಿಳಿದರೆ ಮಾತ್ರ ಅಪಾಯವನ್ನು ಅಂದಾಜಿಸಲು ಸಾಧ್ಯ. ಎರಡನೆಯ ಅಂಕಿಗೆ ಮರುದಿನ ಬೆಲೆಯಿಲ್ಲ.

ಈಗ ರೇಡಿಯೊ ಮೋಡೆಮ್ ವಿಚಾರ. ನಮ್ಮ ದೇಶದಲ್ಲಿ 2005ರಿಂದ 865ರಿಂದ 867 ಮೆಗಾಹರ್ಟ್ಸ್ ವರೆಗಿನ ತರಂಗಗಳನ್ನು, 2021ರಿಂದ 868ರ ವರೆಗಿನವನ್ನು, ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಯಾರು ಬೇಕಾದರೂ ಬಳಸಬಹುದು. ಪ್ರೇಷಕದ, ಎಂದರೆ ಅಲೆ ಕಳಿಸುವ ಭಾಗದ, ಶಕ್ತಿ ಒಂದು ವಾಟ್ ಮೀರಬಾರದು, ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಮಾದರಿ ಒಪ್ಪಿಗೆ ಇರಬೇಕು. ಲೋರಾ ಎಂದು ಕರೆಯುವ ಕಡಿಮೆ ಶಕ್ತಿಯ ಮೋಡೆಮ್‌ಗಳು ಈ ತರಂಗಗಳಲ್ಲೇ ಕೆಲಸ ಮಾಡುತ್ತವೆ. ಅವು ನಿಧಾನ, ಬಹಳ ನಿಧಾನ. ಅತಿ ದೂರದ ಕ್ರಮದಲ್ಲಿ ಇಪ್ಪತ್ತು ಬೈಟ್ ಹೇಳಿ ಮುಗಿಸಲು ಒಂದು ಸೆಕೆಂಡಿಗೂ ಮೀರಿ ಬೇಕು. ಆದರೆ ಹದಿನೈದು ನಿಮಿಷಕ್ಕೆ ಒಂದು ಮಾತಾಡುವವನಿಗೆ ಅವಸರವೇನು? ಮಿಕ್ಕ ಹೊತ್ತೆಲ್ಲ ಅವು ನಿದ್ರಿಸುತ್ತವೆ, ಬ್ಯಾಟರಿಯನ್ನು ಮುಟ್ಟುವುದೇ ಇಲ್ಲವೆನ್ನಬಹುದು. ಒಂದು ಎಚ್ಚರಿಕೆ: ಅಮೆರಿಕದಲ್ಲಿ ಮಾರುವ 915 ಮೆಗಾಹರ್ಟ್ಸ್ ಮೋಡೆಮನ್ನು ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಳ್ಳಬಾರದು, ಆ ಆಸುಪಾಸಿನ ತರಂಗಗಳು ಇಲ್ಲಿ ಮೊಬೈಲ್ ಫೋನುಗಳಿಗೆ ಮೀಸಲು.

ಮಳೆಯೇ ಸಿಗ್ನಲನ್ನು ನುಂಗುತ್ತದೆ, ರೇಡಿಯೊ ಆದರೂ ಅಷ್ಟೇ ಎಂದು ಹಲವರು ವಾದಿಸುವುದನ್ನು ಕೇಳಿದ್ದೇನೆ. ಮನೆಯ ಮೇಲಿನ ಡಿಟಿಎಚ್ ತಟ್ಟೆ ಜೋರು ಮಳೆಗೆ ಕೈಕೊಡುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಆ ತಟ್ಟೆಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ಮಳೆಹನಿ ಅದನ್ನು ಚೆದುರಿಸಬಲ್ಲದು. 866 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಅದಕ್ಕೆ ಹನಿಗಳು ಲೆಕ್ಕಕ್ಕೇ ಇಲ್ಲ. ಅದಕ್ಕೆ ಅಡ್ಡಿ ಮಾಡುವುದು ಗುಡ್ಡ, ಮತ್ತು ಒದ್ದೆ ಎಲೆ.

ಗುಡ್ಡ ಮತ್ತು ಎಲೆ ಎರಡೂ ನಮ್ಮಲ್ಲಿ ಧಾರಾಳವಾಗಿರುವುದರಿಂದ, ಇದರ ಬಗ್ಗೆ ತುಸು ವಿಸ್ತಾರವಾಗಿ ಹೇಳುವುದು ಅಗತ್ಯ. ಪೆಟ್ಟಿಗೆಯ ಮೇಲೆ ‘ಹದಿನೈದು ಕಿಲೋಮೀಟರ್’ ಎಂದು ಬರೆದಿರುವುದನ್ನು ನಂಬಿ ಕೊಂಡವರೆಲ್ಲ ಎಡವುವುದು ಇಲ್ಲಿಯೇ. ನನ್ನ ತೋಟ ಕಣಿವೆಯಲ್ಲಿದೆ. ಮೂರು ಕಿಲೋಮೀಟರ್ ಆಚೆ ಗುಡ್ಡದ ನೆತ್ತಿಯಲ್ಲಿ ಪರಿಚಯದವರ ಮನೆ. ಅಲ್ಲಿಂದ ಎಂಟು ಕಿಲೋಮೀಟರ್ ದೂರದ ಪೇಟೆಯಲ್ಲಿ, ಇನ್ವರ್ಟರ್ ಮತ್ತು ನೆಲದ ಕೇಬಲ್ಲಿನ ಇಂಟರ್ನೆಟ್ ಇರುವ ಗೆಳೆಯರ ಅಂಗಡಿ. ನನ್ನ ಅಂಕಿಗಳು ಗುಡ್ಡದ ಮನೆಯನ್ನು ಹಾದು ಆ ಅಂಗಡಿಗೆ ತಲುಪಬೇಕಿತ್ತು. ಮೊದಲ ಮೂರು ಕಿಲೋಮೀಟರೇ ಮೊದಲು ಸೋತದ್ದು. ಅಡಿಕೆ ಮರಗಳ ನಡುವೆ, ಸೋಗೆಗಳ ಕೆಳಗೆ ಆಂಟೆನಾ ಇಟ್ಟಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿ ಕೇಳುತ್ತಿದ್ದುದು ಮೊದಲ ಮಳೆಗೆ ಸೋಗೆ ನೆನೆದದ್ದೇ ತಡ ಅಡಗಿಹೋಯಿತು. ಆಂಟೆನಾವನ್ನು ತೋಟದಾಚೆಯ ಬ್ಯಾಣದ (ಹುಲ್ಲುಗಾವಲಿನ) ಕಂಬಕ್ಕೆ ಏರಿಸಿದೆ. ಆಗ ಮೋಡೆಮ್ ಕೆಳಗೆ, ಆಂಟೆನಾ ಮೇಲೆ, ನಡುವೆ ಹತ್ತು ಮೀಟರ್ ತೆಳು ಕೇಬಲ್. ಅರ್ಧಕ್ಕಿಂತ ಹೆಚ್ಚು ಶಕ್ತಿ ಆ ಕೇಬಲ್ಲಿನಲ್ಲೇ ಕರಗಿಹೋಗುತ್ತಿತ್ತು. ಕೊನೆಗೆ ಮೋಡೆಮನ್ನೇ ಕಂಬದ ತುದಿಗೆ ಏರಿಸಿ, ಅಂಕಿ ಸಾಗಿಸುವ ತಂತಿಯನ್ನಷ್ಟೇ ಕೆಳಗಿಳಿಸಿದ ಮೇಲೆ ಸರಿಹೋಯಿತು.

ಎಂಟು ಕಿಲೋಮೀಟರಿನ ಭಾಗ ಇನ್ನೂ ಸ್ವಾರಸ್ಯಕರ. ಗುಡ್ಡದ ಮನೆಯ ಅಂಗಳದಿಂದ ದುರ್ಬೀನಿನಲ್ಲಿ ಪೇಟೆಯ ಅಂಗಡಿಯ ಮಾಡು ಕಾಣುತ್ತಿತ್ತು, ಆದರೂ ಸಿಗ್ನಲ್ ಅರೆಬರೆ. ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆ ದಾರದಂತೆ ನೇರ ಹೋಗದೆ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ ಹರಡಿಕೊಂಡು ಹೋಗುತ್ತದೆ. ಈ ದೂರ ಮತ್ತು ಈ ತರಂಗಕ್ಕೆ ಆ ಸೌತೆಕಾಯಿಯ ನಟ್ಟನಡುವಿನ ತ್ರಿಜ್ಯ ಸುಮಾರು 26 ಮೀಟರ್. ಅದರ ಶೇ 60ರಷ್ಟಾದರೂ, ಅಂದರೆ ಸುಮಾರು 16 ಮೀಟರ್, ತೆರವಾಗಿರಬೇಕು. ನಡುವಿನ ದಿಬ್ಬದ ಮೇಲಿನ ಅಕೇಶಿಯಾ ನೆಡುತೋಪು ಆ ಜಾಗದೊಳಗೆ ತಲೆ ತೂರಿಸಿತ್ತು. ಕಂಬವನ್ನು ಮನೆಯ ಹಿಂದಿನ ಎತ್ತರಕ್ಕೆ ಒಯ್ದು, ಮೀನಿನ ಮುಳ್ಳಿನಾಕಾರದ ಯಾಗಿ ಆಂಟೆನಾ ಹಾಕಿ ಪೇಟೆಯತ್ತ ತಿರುಗಿಸಿದ ಮೇಲೆ, ಎರಡು ಮಳೆಗಾಲ ಕಳೆದರೂ ಆ ಕೊಂಡಿ ಕೈಬಿಟ್ಟಿಲ್ಲ. ಟವರ್ ಬಿದ್ದ ದಿನಗಳಲ್ಲೂ ನನ್ನ ತೋಟದ ಮಳೆ ಪೇಟೆಗೆ ತಲುಪಿದೆ.

ದಾರಿಯಷ್ಟೇ ಮುಖ್ಯವಾದದ್ದು ಮಾತಿನ ಕ್ರಮ. ನನ್ನ ಮಟ್ಟಿಗೆ ರೇಡಿಯೊ ಮೋಡೆಮ್ಮಿನ ನಿಜವಾದ ಲಾಭ ಇರುವುದು ಅದು ಎರಡೂ ಕಡೆ ಮಾತಾಡಬಲ್ಲದು ಎಂಬುದರಲ್ಲಿ. ಲಾಗರ್ ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆ ಕೊಡುತ್ತದೆ. ಪೇಟೆಯ ಕಡೆಯ ಯಂತ್ರ ಒಂದೊಂದೇ ಕೇಂದ್ರವನ್ನು ಅದರ ವಿಳಾಸದಿಂದ ಕರೆದು, ‘ನನ್ನ ಬಳಿ 1,240ರ ವರೆಗೆ ಇದೆ, ಮುಂದಿನದು ಕೊಡು’ ಎನ್ನುತ್ತದೆ. ನಡುವೆ ಆರು ಗಂಟೆ ಕೊಂಡಿ ಕಡಿದಿದ್ದರೆ, ಮತ್ತೆ ಸೇರಿದ ಕೂಡಲೇ ಆ ಆರು ಗಂಟೆಯ 24 ದಾಖಲೆಗಳೂ ಬಂದು ಸೇರುತ್ತವೆ. ಸಿಮ್ ಮೋಡೆಮ್ಮಿನಲ್ಲೂ ಹೀಗೆ ಮಾಡಬಹುದು. ಆದರೆ ಹೊತ್ತಿಗೊಂದು ಸಂದೇಶ ಎಸೆದು ಮರೆತುಬಿಡುವಂತೆ ಬರೆದ ತಂತ್ರಾಂಶವೇ ಅಗ್ಗದ ಉಪಕರಣಗಳಲ್ಲಿ ಹೆಚ್ಚು. ಅಕ್ಕಪಕ್ಕದ ನಾಲ್ಕಾರು ಮಳೆಮಾಪಕಗಳು ಒಂದೇ ಗುಡ್ಡದ ಮೂಲಕ ಮಾತಾಡುವಂತಿದ್ದರೆ ಇನ್ನೊಂದು ಅನುಕೂಲವೂ ಉಂಟು: ಸುತ್ತಲೆಲ್ಲ ಮಳೆ ಹೊಯ್ಯುತ್ತಿರುವಾಗ ಒಂದು ಮಾತ್ರ ಸೊನ್ನೆ ತೋರಿಸಿದರೆ, ಅದರ ಲಾಳಿಕೆಯಲ್ಲಿ ಎಲೆಯೋ ಕಣಜದ ಗೂಡೋ ಸಿಕ್ಕಿಕೊಂಡಿದೆಯೆಂದು ಆ ಗಂಟೆಯಲ್ಲೇ ಗೊತ್ತಾಗುತ್ತದೆ.

ಉಪಗ್ರಹದ ಸಲಹೆಗೆ ಈಗ ಬರುತ್ತೇನೆ. ಭಾರತೀಯ ಹವಾಮಾನ ಇಲಾಖೆಯ ಸ್ವಯಂಚಾಲಿತ ಕೇಂದ್ರಗಳೂ ಕೇಂದ್ರ ಜಲ ಆಯೋಗದ ನದಿಮಟ್ಟದ ಕೇಂದ್ರಗಳೂ ಬಹಳ ಕಾಲದಿಂದ ಇನ್ಸಾಟ್ ಉಪಗ್ರಹಗಳಿಗೆ 402 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಂಕಿ ಕಳಿಸುತ್ತ ಬಂದಿವೆ. ಯಾವ ದಿಕ್ಕಿಗೂ ರಸ್ತೆಯಿಲ್ಲದ ಕಾಡಿನ ಒಳಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಅದು ಏಕಮುಖ ದಾರಿ. ಕೇಂದ್ರ ತನಗೆ ಗೊತ್ತುಪಡಿಸಿದ ಕ್ಷಣದಲ್ಲಿ ಆಕಾಶಕ್ಕೆ ಹೇಳಿ ಸುಮ್ಮನಾಗುತ್ತದೆ. ತಲುಪಿತೋ ಇಲ್ಲವೋ ಅದಕ್ಕೆ ತಿಳಿಯದು, ತಪ್ಪಿದ್ದನ್ನು ಮತ್ತೆ ಹೇಳೆಂದು ಕೇಳುವ ಉಪಾಯವೂ ಇಲ್ಲ. ಗಡಿಯಾರ ಸರಿಯಿರಬೇಕು, ಪ್ರೇಷಕಕ್ಕೆ ಶಕ್ತಿ ಹೆಚ್ಚು ಬೇಕು, ಆಂಟೆನಾಕ್ಕೆ ಆಕಾಶ ತೆರೆದಿರಬೇಕು. ಇದನ್ನು ರಾಜ್ಯದ ಸಾವಿರಾರು ಪಂಚಾಯಿತಿಗಳಿಗೆ ಹಂಚುವುದಕ್ಕಿಂತ, ಹತ್ತು ಮಳೆಮಾಪಕಗಳನ್ನು ರೇಡಿಯೊದಿಂದ ಒಂದು ಗುಡ್ಡಕ್ಕೆ ತಂದು, ಆ ಗುಡ್ಡಕ್ಕೆ ಒಂದು ಮೊಬೈಲ್, ಒಂದು ಉಪಗ್ರಹ ಎಂದು ಎರಡು ದಾರಿ ಕೊಡುವುದು ವಿವೇಕ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೇನಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯವರು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ‘ಅಲರ್ಟ್’ ಎಂಬ ಪ್ರವಾಹ ಎಚ್ಚರಿಕೆ ಪದ್ಧತಿಯಲ್ಲಿ, ಬಟ್ಟಲು ಮಗುಚಿದಾಗಲೆಲ್ಲ ರೇಡಿಯೊದಲ್ಲಿ ಒಂದು ಚುಟುಕು ಸಂದೇಶ ಹೊರಡುತ್ತಿತ್ತು. ಅದೇ ದೇಶದ ಪಶ್ಚಿಮದ ಪರ್ವತಗಳಲ್ಲಿ ಹಿಮದ ನೀರಿನಂಶ ಅಳೆಯುವ ಸ್ನೋಟೆಲ್ ಜಾಲವು ದಶಕಗಳ ಕಾಲ, ಉಲ್ಕೆಗಳು ಉರಿದು ಬಿಟ್ಟುಹೋದ ಜಾಡಿಗೆ ರೇಡಿಯೊ ಅಲೆಯನ್ನು ಬಡಿಸಿ, ಅದು ಪುಟಿದು ನೂರಾರು ಕಿಲೋಮೀಟರ್ ಆಚೆ ಬೀಳುವಂತೆ ಮಾಡಿ ಅಂಕಿ ಸಾಗಿಸಿತು. ಇದನ್ನು ಮೊದಲು ಓದಿದಾಗ ನಾನು ಯಾರೋ ತಮಾಷೆ ಮಾಡುತ್ತಿದ್ದಾರೆಂದೇ ತಿಳಿದಿದ್ದೆ. ನಮ್ಮ ಘಟ್ಟದಲ್ಲೇ ಬೇಕೆಂದರೆ ಕೇರಳದ ಮುನ್ನಾರ್ ಇದೆ. ಅಲ್ಲಿ ಅಮೃತ ವಿಶ್ವವಿದ್ಯಾಪೀಠದವರು ಭೂಕುಸಿತದ ಇಳಿಜಾರಿನಲ್ಲಿ ಕೊರೆದ ಬಾವಿಗಳೊಳಗೆ ನೀರಿನ ಒತ್ತಡ ಅಳೆಯುವ ಸಂವೇದಕಗಳನ್ನಿಟ್ಟು, ನಿಸ್ತಂತು ಕೊಂಡಿಗಳಿಂದ ಹತ್ತಿರದ ಕೇಂದ್ರಕ್ಕೆ ತಂದು, ಅಲ್ಲಿಂದ ಉಪಗ್ರಹದ ಮೂಲಕ ತಮ್ಮ ಆವರಣಕ್ಕೆ ತರಿಸಿಕೊಂಡು ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ.

ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಎತ್ತರದ ಕಂಬ ಎಂದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಆಹ್ವಾನ; ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ಗುಂಡಿಗೆ ಇದ್ದಿಲು ಉಪ್ಪು ತುಂಬಿ ನೀರು ಹೊಯ್ಯುತ್ತಿರಬೇಕು. ಸೌರಫಲಕದ ಮೇಲೆ ಪಾಚಿ ಕಟ್ಟುತ್ತದೆ, ಪೆಟ್ಟಿಗೆಯೊಳಗೆ ಇರುವೆ ಮೊಟ್ಟೆಯಿಡುತ್ತದೆ. ಮೋಡೆಮ್ಮಿನ ಒಳಗಿನ ರೇಡಿಯೊ ಬಿಲ್ಲೆಯ (ಚಿಪ್) ಬೆಲೆ ಸಾವಿರ ರೂಪಾಯಿಯೊಳಗೇ ಇದ್ದರೂ ಕಂಬ, ನೀರು ನುಗ್ಗದ ಡಬ್ಬಿ, ಕೇಬಲ್ ಮತ್ತು ಓಡಾಟಕ್ಕೆ ಅದರ ಹಲವು ಪಟ್ಟು ಬೇಕು. ಮುಖ್ಯವಾಗಿ, ಗುಡ್ಡ ಹತ್ತಿ ನೋಡಿ ಬರುವ ಒಬ್ಬ ಮನುಷ್ಯ ಬೇಕು. ಟೆಂಡರಿನಲ್ಲಿ ಉಪಕರಣಕ್ಕೆ ಹಣವಿಟ್ಟು ಆ ಮನುಷ್ಯನಿಗೆ ಇಡದಿದ್ದರೆ, ನನ್ನ ಈ ಪತ್ರವನ್ನು ಓದದಿದ್ದರೂ ನಡೆಯುತ್ತದೆ.

ಆದ್ದರಿಂದ ಎಲ್ಲ ಮಳೆಮಾಪಕಗಳಿಗೂ ರೇಡಿಯೊ ಹಾಕಿ ಎಂದು ನಾನು ಕೇಳುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕೇಂದ್ರ ಎಷ್ಟು ಗಂಟೆ ಮೌನವಾಗಿತ್ತು ಎಂಬ ಪಟ್ಟಿಯನ್ನು, ಮಳೆಯ ಅಂಕಿಯಂತೆಯೇ, ಸಾರ್ವಜನಿಕವಾಗಿ ಪ್ರಕಟಿಸಲಿ. ಅದರಲ್ಲಿ ಮೇಲಿರುವ ಘಟ್ಟದಂಚಿನ ಕೇಂದ್ರಗಳಿಗೆ ಮೊದಲು ಈ ಎರಡನೆಯ ದಾರಿ ಕೊಡಲಿ. ಪೊಲೀಸ್ ಮತ್ತು ಅರಣ್ಯ ಇಲಾಖೆಗಳ ನಿಸ್ತಂತು ಜಾಲಕ್ಕೆಂದು ಗುಡ್ಡಗಳ ಮೇಲೆ ಈಗಾಗಲೇ ಇರುವ ಕಂಬಗಳಲ್ಲಿ ಒಂದು ಗೇಣು ಜಾಗ ಸಿಕ್ಕರೆ ಹೊಸ ಕಂಬವೂ ಬೇಡ. ವಿಮೆಯ ಲೆಕ್ಕದಲ್ಲಿ, ಪಕ್ಕದ ಕೇಂದ್ರದ ಅಂಕಿಗೆ ಹೋಗುವ ಮೊದಲು ಲಾಗರಿನ ನೆನಪಿನಲ್ಲಿ ಉಳಿದಿರುವ ದಾಖಲೆಯನ್ನು ತೆಗೆದು ನೋಡುವುದು ಕಡ್ಡಾಯವಾಗಲಿ. ಇದಕ್ಕೆ ಯಾವ ಹೊಸ ಯಂತ್ರವೂ ಬೇಕಿಲ್ಲ, ಒಂದು ತಂತಿ ಮತ್ತು ಒಂದು ಲ್ಯಾಪ್‌ಟಾಪ್ ಸಾಕು.

ನನ್ನ ತೋಟದ ಕೊಂಡಿಯನ್ನು ನೋಡಬಯಸುವ ಪಂಚಾಯಿತಿಯವರು, ಸಹಕಾರ ಸಂಘದವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪತ್ರಿಕೆಯ ಮೂಲಕ ತಿಳಿಸಿ ಬರಬಹುದು. ಬೇಸಿಗೆಯಲ್ಲಿ ಬಂದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಆಶ್ಲೇಷ ಮಳೆಯಲ್ಲಿ ಬರುವುದು ಒಳ್ಳೆಯದು. ಉಂಬಳಕ್ಕೆ (ಜಿಗಣೆಗೆ) ಸುಣ್ಣ ಮತ್ತು ಹೊಗೆಸೊಪ್ಪು ನನ್ನಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ, ನಿವೃತ್ತ ಉಪಕರಣ ತಂತ್ರಜ್ಞ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ